ಹರವಿಯೊಳಗಿನ ರೇಡಿಯೋಬಾಯಿ

ಭಾಲ್ಕಿಯ ಕಿರಾಣಿ ಹಾವಗೆಪ್ಪನ ಮನೆಯಲ್ಲಿ ಎಮ್ಮೆಗೆ ಗೊತ್ತಿಲ್ಲದ ಗುಟ್ಟು ಯಾವುದೂ ಇರಲಿಲ್ಲ. ಹಾಲು ಕೊಡುವುದು ಅದರ ಅರ್ಧ ಕೆಲಸ. ಉಳಿದರ್ಧ, ಗಂಡ ಹೆಂಡಿರ ನಡುವೆ ಸುದ್ದಿ ಮುಟ್ಟಿಸುವುದು.

"ಗಂಗೀ, ನಿಮ್ಮ ಸಾವಕಾರ್ರಿಗಿ ಹೇಳು, ರೊಟ್ಟಿ ಆರ್ಲಾಕತ್ತಾವ" ಎಂದು ಹಾವಗೆಪ್ಪನ ಹೆಂಡತಿ ರುಕ್ಮಿಣಿಬಾಯಿ ಎಮ್ಮೆಯ ಬೆನ್ನು ತಟ್ಟಿ ಹೇಳಬೇಕು. ಅಲ್ಲೇ ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದ ಹಾವಗೆಪ್ಪ ಗಂಟಲು ಕೆರೆದು, "ಗಂಗೀ, ಬರ್ತೇನಿ ಅಂತ ಹೇಳು" ಅನ್ನಬೇಕು. ಗಂಗಿ ಮೆಲುಕು ಹಾಕುತ್ತ ಇಬ್ಬರ ಮುಖವನ್ನೂ ನೋಡಬೇಕು. ಹೀಗೆ ಸಂಸಾರ ನಡೆದಿತ್ತು. ಸುಳ್ಳೇಕೆ ಹೇಳಲಿ, ಎಷ್ಟೋ ಮಾತಾಡುವ ಸಂಸಾರಗಳಿಗಿಂತ ಚೆನ್ನಾಗಿಯೇ ನಡೆದಿತ್ತು.

ಜಗಳವೇ? ಛೇ, ಜಗಳವಾಡಲಿಕ್ಕಾದರೂ ಮಾತಾಡಬೇಕಲ್ಲ! ಹಿರಿಯರ ಎದುರಿಗೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡಬಾರದು, ಅಷ್ಟೇ. ರುಕ್ಮಿಣಿಬಾಯಿ ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಎಡವಿದಲ್ಲೆಲ್ಲ ಹಿರಿಯರು. ಮಾವ, ಮಾವನ ತಮ್ಮ, ಗಂಡನ ಸೋದರತ್ತೆ, ಎಲ್ಲರಿಗಿಂತ ಮೇಲೆ ಅತ್ತೆ. ಒಬ್ಬೊಬ್ಬರಾಗಿ ಲಿಂಗೈಕ್ಯರಾದರು, ಅತ್ತೆಯೊಬ್ಬಾಕೆ ಯಾವ ಜ್ವರಕ್ಕೂ ಜಗ್ಗದೆ ಉಳಿದಳು. ಆಕೆಯೂ ಹೋಗುವ ಹೊತ್ತಿಗೆ ಇವರಿಬ್ಬರ ತಲೆ ನೆರೆತಿತ್ತು. ಇನ್ನು ತಡೆಯುವವರಿರಲಿಲ್ಲ, ಬಾಯಿ ತೆರೆದು ಮಾತಾಡಬಹುದಿತ್ತು. ಆದರೆ ಏನೆಂದು ಶುರು ಮಾಡುವುದು? ಇಬ್ಬರಿಗೂ ನಾಚಿಕೆ. ಹಾಗಾದರೆ ಮಗ ಶಿವರಾಜ ಹುಟ್ಟಿದ್ದು ಹೇಗೆ ಎಂದು ಕೇಳುವ ಕಿಡಿಗೇಡಿಗಳಿಗೆ ನನ್ನ ಉತ್ತರ ಇಷ್ಟೇ: ಕತ್ತಲಲ್ಲಿ ಪಿಸುಗುಡುವುದಕ್ಕೆ ಮನಾಯಿ ಇರಲಿಲ್ಲ, ಯಾರ ತಡೆಯೂ ಇರಲಿಲ್ಲ.

ರಜಾಕಾರರ ಗದ್ದಲದ ಕಾಲದಲ್ಲಿ ಪಕ್ಕದ ಮನೆಯ ಕುಲಸುಮಬೀ ಇವರನ್ನೆಲ್ಲ ತನ್ನ ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ಪೊಲೀಸ್ ಆಕ್ಷನ್ ಆಗಿ ಗಾಳಿ ತಿರುಗಿದಾಗ ಇವರು ಆಕೆಯನ್ನೂ ಆಕೆಯ ಮಕ್ಕಳನ್ನೂ ತಮ್ಮ ಅಟ್ಟಕ್ಕೆ ಕರೆತಂದರು. ಎರಡೂ ಸಲ "ಪಿಟ್ ಅನ್ನಬ್ಯಾಡ್ರಿ" ಎಂಬ ಅಪ್ಪಣೆಯಿತ್ತು. ಉಳಿದವರಿಗೆ ಅದೇ ದೊಡ್ಡ ಕಷ್ಟ. ಹಾವಗೆಪ್ಪ ರುಕ್ಮಿಣಿಬಾಯಿಯರಿಗೆ ಮಾತ್ರ ಅದು ದಿನದ ಅಭ್ಯಾಸ.

ಈಗ ನಿಜಾಮ ಹೋಗಿದ್ದ, ಹೈದರಾಬಾದ ರಾಜ್ಯಕ್ಕೆ ಹೊಸ ಸರಕಾರ ಬಂದಿತ್ತು. ರುಕ್ಮಿಣಿಬಾಯಿಗೆ ಮಾತ್ರ ಎಮ್ಮೆಯ ಮುಂದೆಯೂ ಹೇಳಲಾಗದ ಒಂದು ಗುಟ್ಟು ಬಂದಿತ್ತು. ಕಣ್ಣು ಕಾಣುತ್ತಿರಲಿಲ್ಲ. ಮೊದಲು ಸೂಜಿಯ ಕಣ್ಣು ಮಾಯವಾಯಿತು, ಆಮೇಲೆ ಜೋಳದೊಳಗಿನ ಹರಳು, ಆಮೇಲೆ ಅಂಗಳದ ಆಚೆ ನಿಂತವರ ಮುಖ. ಎಲ್ಲದರ ಮೇಲೆ ಯಾರೋ ಹಾಲಿನ ಕೆನೆ ಹೊದಿಸಿದ ಹಾಗೆ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಎರಡೂ ಒಂದೇ ನಮೂನೆ. ನಾಲಿಗೆಗೆ ಹಚ್ಚಿ ನೋಡೋಣವೆಂದರೆ, ಲಿಂಗಕ್ಕೆ ತೋರಿಸುವ ಮೊದಲು ಅಡುಗೆಯ ರುಚಿ ನೋಡುವ ಮನೆಯಲ್ಲ ಅದು. ಹಾಗಾಗಿ ಅಂದಾಜಿನ ಮೇಲೆ ಹಾಕುತ್ತಿದ್ದಳು. ಪಲ್ಯ ಸಿಹಿಯಾದರೆ ಸೊಸೆಯ ಮೇಲೆ ಹರಿಹಾಯುತ್ತಿದ್ದಳು. ಗಂಡನ ಚಹಾವನ್ನು ಮಾತ್ರ ತಾನೇ ಮಾಡುತ್ತಿದ್ದಳು. ಆತ ಎಂದೂ ತಕರಾರು ಮಾಡಿದವನಲ್ಲ, ಹಾಗಾಗಿ ಚಹಾ ಸರಿಯಾಗಿಯೇ ಇದೆ ಎಂದು ತಿಳಿದಿದ್ದಳು.

ಹೇಳಿಬಿಡಬಾರದೆ? ಹೇಳಲಿಕ್ಕೆ ಅಂಜಿಕೆ. ಹಾವಗೆಪ್ಪನ ಸೋದರತ್ತೆಗೆ ಮುಪ್ಪಿನಲ್ಲಿ ಕಣ್ಣು ಹೋದಾಗ ಏನಾಯಿತೆಂದು ರುಕ್ಮಿಣಿಬಾಯಿ ಕಣ್ಣಾರೆ ಕಂಡಿದ್ದಳು. ಮೊದಲು ಆಕೆಯ ಸೆರಗಿನಿಂದ ಕೀಲಿಕೈ ಬಿಚ್ಚಿಕೊಂಡರು. ಪಡಸಾಲೆಯ ಮೂಲೆಯಲ್ಲಿ ಕೌದಿ ಹಾಸಿ ಕೂಡಿಸಿದರು. ಹೊತ್ತು ಹೊತ್ತಿಗೆ ಕೈಗೆ ರೊಟ್ಟಿ ಕೊಟ್ಟರು, ಆದರೆ ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ಸಾಯುವ ತನಕ ಆ ಮುದುಕಿ ಸಪ್ಪಳವಾದ ಕಡೆಗೆಲ್ಲ ಮುಖ ತಿರುಗಿಸಿ "ಯಾರದು?" ಅನ್ನುತ್ತಿದ್ದಳು. ಆ ಮೂಲೆ ಈಗಲೂ ಖಾಲಿಯಿತ್ತು, ಅದರ ಮುಂದೆ ಹಾಯುವಾಗೆಲ್ಲ ರುಕ್ಮಿಣಿಬಾಯಿ ಸೆರಗಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಿದ್ದಳು.

ಗುಟ್ಟು ಗೊತ್ತಿದ್ದವಳು ಕುಲಸುಮಬೀ ಒಬ್ಬಳೇ. ಆಕೆ ಹೈದರಾಬಾದಿನಲ್ಲಿ ಅಣ್ಣನ ಮನೆಯಲ್ಲಿದ್ದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದು, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಓಣಿಯಲ್ಲಿ ಯಾರ ಮನೆಯ ಬೆಕ್ಕು ಎಲ್ಲಿ ಹೋಯಿತೆಂಬುದನ್ನೂ ಬಿಡದೆ ನೋಡುತ್ತಿದ್ದಳು.

"ಅಗೇ ರುಕ್ಮಿಣಿ, ನಿನ್ನ ಕಣ್ಣಾಗ ಮೋತಿಬಿಂದು ಕೂತದ. ಬೀದರ ದವಾಖಾನ್ಯಾಗ ತೆಗೀತಾರ. ನಿಮ್ಮ ಮಾಲಕರಿಗಿ ಹೇಳು."

"ಹ್ಯಾಂಗ ಹೇಳ್ಲಿ? ಎಮ್ಮಿ ಮುಂದ ಹೇಳಿದ್ರ ಸೊಸಿಗಿ ಕೇಳಸ್ತದ."

"ಎಮ್ಮಿಗಿ ಯಾಕ? ಅವರಿಗೇ ಹೇಳು, ಮಾರಿ ನೋಡಿ."

"ಮಾರಿ ನೋಡಿ!" ಎಂದು ರುಕ್ಮಿಣಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹುಚ್ಚ ಹಿಡದದೇನು ನಿನಗ? ಈ ವಯಸ್ಸಿನಾಗ?"

ಇದರ ನಡುವೆ ಸೊಸೆಯ ಹುಚ್ಚು ಶುರುವಾಯಿತು.

ಸೊಸೆ ವಿಮಲಾಬಾಯಿ ಔರಾದ ಕಡೆಯ ಡಾಬಕಾದವಳು. ಮಹಾರಾಷ್ಟ್ರದ ಗಡಿ ಅಂಚಿನ ಊರಾದ್ದರಿಂದ ನಕ್ಕರೂ ಅತ್ತರೂ ಮೊದಲು "ಅಗಬಾಯಿ!" ಅನ್ನುವವಳು. ಅವಳ ತವರಿನಲ್ಲಿ ಅಪ್ಪ ಅವ್ವ ಎದುರುಬದುರು ಕೂತು ಊರಿಗೆಲ್ಲ ಕೇಳುವಂತೆ ಜಗಳಾಡಿ, ಊರಿಗೆಲ್ಲ ಕೇಳುವಂತೆ ನಗುವವರು. ಅಂಥಲ್ಲಿಂದ ಬಂದ ಹುಡುಗಿ ಇಲ್ಲಿ ಅತ್ತೆ ಮಾವನ ಎದುರಿಗೆ ಗಂಡನ ಜೊತೆ ತುಟಿ ಬಿಚ್ಚುವಂತಿಲ್ಲ. ಹೊಸದರಲ್ಲಿ ಬಾಡಿದ ಮೆಂತ್ಯದ ಸಿವುಡಿನಂತಿದ್ದಳು. ಈಗ ಇದ್ದಕ್ಕಿದ್ದಂತೆ ಕೆಲಸದ ನಡುವೆ ತನ್ನಷ್ಟಕ್ಕೇ ನಗತೊಡಗಿದ್ದಳು.

ಒಂದು ಮಧ್ಯಾಹ್ನ ರುಕ್ಮಿಣಿಬಾಯಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮುಂದಿನ ಅಂಗಡಿಯ ಪಕ್ಕದ ಕೋಣೆಯಲ್ಲಿ ಶಿವರಾಜ ತಗಡಿನ ಡಬ್ಬಿ ಬಡಿಯುವುದು ಕೇಳುತ್ತಿತ್ತು. ಅವನು ಬೀದರಿನ ಮುಜೀಬೋದ್ದೀನ ಉಸ್ತಾದರ ಹತ್ತಿರ ರೇಡಿಯೋ ರಿಪೇರಿ ಕಲಿತು ಬಂದವನು. ಅವನ ಕೋಣೆಯಿಂದ ದಿನವಿಡೀ ಏನಾದರೊಂದು ಸಪ್ಪಳ ಇದ್ದದ್ದೇ. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಮೂಲೆಯಲ್ಲಿ ಜೋಳ ತುಂಬುವ ಹಳೆಯ ಮಣ್ಣಿನ ಹರವಿಯ ಪಕ್ಕ ಒಂದು ಸೀರೆ ನಿಂತಿತ್ತು. ಸೀರೆಗೆ ತಲೆಯೇ ಇರಲಿಲ್ಲ. ತಲೆಯಿಲ್ಲದ ಆ ಸೀರೆ ಕುಲುಕುಲು ನಗುತ್ತಿತ್ತು.

"ಶಿವಾ ಶಿವಾ!" ಎಂದು ಚೀರಿದಳು. ತಲೆ ಹರವಿಯಿಂದ ಹೊರಗೆ ಬಂತು. ಅದು ವಿಮಲಾಳ ತಲೆಯೇ ಆಗಿತ್ತು.

"ಜೋಳ ಎಷ್ಟವ ನೋಡ್ಲಾಕತ್ತಿದ್ದೆ ಅತ್ತೀರಿ."

"ಜೋಳ ನೋಡಿ ನಗ್ತಾರೇನು?"

ವಿಮಲಾ ಬಿಕ್ಕಳಿಕೆ ಬಂದಂತೆ ನಗು ತಡೆದುಕೊಂಡಳು. ಗಾಳಿ ಸೋಕಿದೆ ಎಂಬುದರಲ್ಲಿ ರುಕ್ಮಿಣಿಬಾಯಿಗೆ ಸಂಶಯ ಉಳಿಯಲಿಲ್ಲ. ಡಬ್ಬಿಯಿಂದ ಮುಷ್ಟಿ ತುಂಬ ಉಪ್ಪು ತೆಗೆದು, ಸೊಸೆಯನ್ನು ಕೂಡಿಸಿ, ತಲೆಯಿಂದ ಕಾಲ ತನಕ ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಉಪ್ಪು ಚಟಪಟ ಸಿಡಿಯಬೇಕು. ಸಿಡಿಯಲಿಲ್ಲ. ಕರಗಿ ಕಪ್ಪಾಗಿ ಮನೆ ತುಂಬ ಪಾಕದ ಘಮ ಎದ್ದಿತು. ಸಂಜೆಗೆ ಸೊಸೆ ಕೂತ ಜಾಗದ ಸುತ್ತ ಇರುವೆ ಸಾಲುಗಟ್ಟಿದವು.

ಸಾದಾ ದೆವ್ವವಲ್ಲ ಇದು, ಸಿಹಿ ವಾಸನೆಯ ದೆವ್ವ ಎಂದು ರುಕ್ಮಿಣಿಬಾಯಿ ನಡುಗುತ್ತ ಕುಲಸುಮಬೀಯ ಮುಂದೆ ಹೇಳಿದಳು. ಕುಲಸುಮಬೀ ನಕ್ಕಳು. ನಕ್ಕು ನಕ್ಕು ಕನ್ನಡಕ ಜಾರಿ ಮಡಿಲಿಗೆ ಬಿತ್ತು.

"ದೆವ್ವ ಅಲ್ಲಗೇ, ಅದು ಸಕ್ಕರಿ! ಸಕ್ಕರಿ ನಿವಾಳ್ಸೀದಿ ಸೊಸಿಗಿ! ಯಾ ಅಲ್ಲಾ, ಇದಕ್ಕಿಂತ ಹೆಚ್ಚಿನ ಪ್ರೀತಿ ಯಾವ ಅತ್ತಿ ಮಾಡ್ತಾಳ?" ಆಮೇಲೆ ಕಣ್ಣೊರಸಿಕೊಂಡು ಅಂದಳು, "ಕಣ್ಣ ತೋರ್ಸು ಅಂದ್ರ ಕೇಳಾಂಗಿಲ್ಲ. ಹೋಗು, ಆ ಹರವ್ಯಾಗ ಏನದ, ಕೈ ಹಾಕಿ ನೋಡು ಮೊದಲ."

ಕೈ ಹಾಕಲು ಧೈರ್ಯ ಬರಬೇಕಲ್ಲ. ಅದು ಬಂದದ್ದು ಶಿವರಾಜ ಯಾವುದೋ ರೇಡಿಯೋದ ಸಾಮಾನು ತರಲು ಬೀದರಿಗೆ ಹೋದ ದಿನ. ಮಧ್ಯಾಹ್ನ ವಿಮಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ರುಕ್ಮಿಣಿಬಾಯಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಆಗ ಮುಂದಿನ ಕೋಣೆಯಿಂದ ಕೇಳಿತು, ಟಣ್ ಟಣ್, ಡಬ್ಬಿ ಬಡಿದ ಸಪ್ಪಳ. ಮಗ ಊರಲ್ಲಿಲ್ಲ, ಮತ್ತೆ ಬಡಿದವರು ಯಾರು? ಅದೇ ಹೊತ್ತಿಗೆ ಹರವಿಯೊಳಗೆ ಏನೋ ಗೊರಗೊರ ಅಂದಿತು.

ಬಸವಾ ಎಂದು ಕೊರಳಿನ ಲಿಂಗವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದನ್ನು ಹರವಿಗೆ ಹಾಕಿದಳು. ಜೋಳ ಸಿಗಲಿಲ್ಲ, ತಣ್ಣಗಿನ ಒಂದು ಬಿಲ್ಲೆ ಸಿಕ್ಕಿತು, ಅದಕ್ಕೊಂದು ತಂತಿ. ತಂತಿ ಗಿಡ್ಡ, ಮೇಲೆ ಬರಲಿಲ್ಲ. ಹಾಗಾಗಿ ಆಕೆಯೇ ತಲೆಯನ್ನು ಒಳಗೆ ಹಾಕಿ, ಬಿಲ್ಲೆಯನ್ನು ಕಿವಿಗೆ ಹಿಡಿದಳು.

ಬಿಲ್ಲೆಯೊಳಗೆ ಯಾರೋ ಗಂಟಲು ಕೆರೆದರು.

ಆ ಕೆರೆತವನ್ನು ರುಕ್ಮಿಣಿಬಾಯಿ ನೂರು ಗಂಡಸರ ನಡುವೆ ಗುರುತಿಸಬಲ್ಲಳು. ಎಮ್ಮೆಯೂ ಗುರುತಿಸಬಲ್ಲದು.

"ಅಲೋ," ಅಂದಿತು ಹಾವಗೆಪ್ಪನ ದನಿ, ಬಾವಿಯ ತಳದಿಂದ ಬಂದ ಹಾಗೆ. "ಅಲೋ. ಯಾರಿದ್ದೀರಿ ಅದ್ರಾಗ? ಇದು ರೇಡಿಯೋ ಏನ್ರಿ?"

ಏನ್ರಿ! ಗಂಡ ತನಗೆ "ರಿ" ಹಚ್ಚಿ ಮಾತಾಡಿದ್ದ. ಕತ್ತಲ ಪಿಸುಮಾತಿನಲ್ಲಿ "ಏ" ಎಂಬುದಕ್ಕಿಂತ ಹೆಚ್ಚಿನ ಮರ್ಯಾದೆಯನ್ನೇ ಕಾಣದ ಆಕೆಯ ಮೈ ಜುಮ್ಮೆಂದಿತು. ಬಿಲ್ಲೆ ಬಿಟ್ಟು ಓಡಬಹುದಿತ್ತು. ಆದರೆ ಹರವಿಯೊಳಗೆ ಕತ್ತಲಿತ್ತು, ಕತ್ತಲಲ್ಲಿ ಪಿಸುಗುಡಲು ಆಕೆಗೆ ಯಾವತ್ತೂ ಮನಾಯಿ ಇರಲಿಲ್ಲ. ಅದರ ಮೇಲೆ ಒಂದು ತುಂಟತನ ಎಲ್ಲಿಂದಲೋ ಬಂದು ನಾಲಿಗೆಯ ಮೇಲೆ ಕೂತಿತು.

"ಹೌದ್ರಿ, ರೇಡಿಯೋ," ಅಂದಳು ಬಿಲ್ಲೆಯನ್ನು ಬಾಯಿಯ ಹತ್ತಿರ ತಂದು, ಮೂಗಿನಲ್ಲಿ. "ನಾ ರೇಡಿಯೋಬಾಯಿ ಮಾತಾಡ್ಲಾಕತ್ತೀನಿ. ತಾವ್ಯಾರ್ರಿ?"

"ನಾ ಭಾಲ್ಕಿ ಕಿರಾಣಿ ಅಂಗಡ್ಯಾಂವ್ರಿ."

"ಹೆಸರಿಲ್ಲೇನ್ರಿ ಅಂಗಡ್ಯಾಂವಗ?"

"ಹಾವಗೆಪ್ಪ ಅಂತಾರ್ರಿ."

ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ, ತಲೆ ತಗ್ಗಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ಆದರೆ ರೇಡಿಯೋಬಾಯಿಗೆ ಯಾರ ಅಡ್ಡಿ?

"ಹಾವಗೆಪ್ಪ," ಅಂದಳು. ಹರವಿ ಆ ಹೆಸರನ್ನು ದೊಡ್ಡದು ಮಾಡಿ ಆಕೆಗೇ ತಿರುಗಿ ಕೊಟ್ಟಿತು. ಆಕೆಗೆ ತಲೆ ತಿರುಗಿದಷ್ಟು ಖುಷಿಯಾಯಿತು. "ಹಾವಗೆಪ್ಪನವರ! ಹೇಳ್ರಿ ಹಾವಗೆಪ್ಪನವರ, ಏನ್ ಖಬರು ಹಾವಗೆಪ್ಪನವರ?"

ಆ ಕಡೆ ಏನೋ ಧಡಲ್ಲನೆ ಬಿತ್ತು, ತಕ್ಕಡಿಯ ಕಲ್ಲಿರಬೇಕು.  ಆಮೇಲೆ ಗಂಟಲು ಕೆರೆದು ಹಾವಗೆಪ್ಪ ಮೆಲ್ಲಗೆ ಅಂದ:

"ರೇಡಿಯೋಬಾಯೋರ, ನಿಮ್ಮ ಮುಂದ ಒಂದ್ ಮಾತ ಹೇಳಬೇಕ್ರಿ. ಯಾರ ಮುಂದೂ ಹೇಳ್ಲಾಕ ಬರಾಂಗಿಲ್ಲ."

"ಹೇಳ್ರಿ."

"ನಮ್ಮ ಮನಿಯಾಕಿಗಿ ಕಣ್ಣ ಕಾಣವಲ್ದು."

ರುಕ್ಮಿಣಿಬಾಯಿ ಹರವಿಯ ಕಂಠವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನಗ ಹ್ಯಾಂಗ ಗೊತ್ತು ಅಂತ ಕೇಳ್ರಿ. ಹ್ವಾದ ದೀಪಾವಳಿಯಿಂದ ಚಹಾಕ್ಕ ಉಪ್ಪು ಹಾಕಿ ಕೊಡ್ಲಾಕತ್ತಾಳ. ದಿನಾ ಅಲ್ಲ, ಒಮ್ಮೊಮ್ಮಿ. ಕಪ್ಪು ಬಾಯಿಗಿ ಹಚ್ಚೂತನ ಇವತ್ತ ಏನೋ ಎಂತೋ ಅಂತ ಎದಿ ಡವಡವ ಅಂತದ್ರಿ."

"ಮತ್ತ ಹಂಗೇ ಕುಡೀತೀರಿ?"

"ಉಗುಳಿದ್ರ ಸೊಸಿ ಮುಂದ ಅಕಿ ಮರ್ಯಾದಿ ಹೋಗ್ತದಲ್ರಿ. ಕುಡೀತೇನಿ. ಈಗೀಗ ರುಚಿನೂ ಹತ್ಯದ."

ಹರವಿಯೊಳಗೆ ರುಕ್ಮಿಣಿಬಾಯಿ ನಗುತ್ತಿದ್ದಳೋ ಅಳುತ್ತಿದ್ದಳೋ ಆಕೆಗೇ ತಿಳಿಯಲಿಲ್ಲ. ದಾರಿಗಡ್ಡ ಇರುತ್ತಿದ್ದ ಮಣೆ, ಕೊಡ, ಒರಳುಕಲ್ಲು ಕೆಲವು ತಿಂಗಳಿಂದ ತಾವೇ ಗೋಡೆಯ ಬದಿಗೆ ಸರಿದಿದ್ದವು. ಸೊಸೆ ಸರಿಸಿದ್ದಾಳೆಂದು ಆಕೆ ತಿಳಿದಿದ್ದಳು. ಅಷ್ಟು ಭಾರದ ಒರಳು ಸೊಸೆಯಿಂದ ಎಲ್ಲಿ ಸರಿದೀತು? ಈಗ ತಿಳಿಯಿತು.

"ಬೀದರ ದವಾಖಾನಿಗಿ ಕರಕೊಂಡ ಹೋಗ್ಬೇಕಂತ ಮಾಡೇನ್ರಿ," ಅನ್ನುತ್ತಿದ್ದ ಹಾವಗೆಪ್ಪ. "ಎಮ್ಮಿಗಿ ಎರಡ ಸರ್ತಿ ಹೇಳ್ದೆ. ಎಮ್ಮಿ ಹೇಳ್ಲಿಲ್ಲೋ, ಅಕಿ ಕೇಳಿಸ್ಕೊಳ್ಳಿಲ್ಲೋ."

"ಅಕಿ ಕೇಳಿಸ್ಕೊಂಡಿಲ್ರಿ," ಎಂದು ರೇಡಿಯೋಬಾಯಿ ಮೂಗು ಸೀಟುತ್ತ ಅಂದಳು. "ಕೇಳಿಸ್ಕೊಂಡ್ರೂ ಬರಾಂಗಿಲ್ಲ. ಅಂಜ್ತಾಳ."

"ದವಾಖಾನಿಗಿ?"

"ಮೂಲಿಗಿ. ಕಣ್ಣಿಲ್ಲದಾಕಿ ಅಂತ ಗೊತ್ತಾದ್ರ ಕೀಲಿಕೈ ಕಸಗೊಂಡು, ನಿಮ್ಮ ಸೋದರತ್ತಿಗತೆ ಪಡಸಾಲಿ ಮೂಲ್ಯಾಗ ಕೂಡಸ್ತಾರಂತ."

 ಅಂಗಡಿಯ ಮುಂದೆ ಯಾರೋ ಗಿರಾಕಿ "ಸಾವಕಾರ, ಬೆಲ್ಲ ಅದೇನ್ರಿ?" ಎಂದು ಕೂಗಿದ್ದು, ಹಾವಗೆಪ್ಪ "ಇಲ್ಲ, ಎಲ್ಲಾ ಖಾಲಿ, ನಾಳಿ ಬಾ" ಎಂದು ಗದರಿದ್ದು ಕೇಳಿಸಿತು. ಮನೆಯಲ್ಲಿ ಬೆಲ್ಲದ ಪೆಂಟೆಗಳು ತೊಲೆಯ ತನಕ ಇದ್ದವು.

"ರೇಡಿಯೋಬಾಯೋರ, ಅಕಿಗಿ ಹೇಳ್ರಿ," ಅಂದ ಆಮೇಲೆ. "ಅಕಿ ಆ ಮೂಲ್ಯಾಗ ಕೂತ್ರ ಬಾಜೂಕ ನಾನೂ ಕೂಡ್ತೇನಿ. ಆದ್ರ ಮೂಲಿ ಸಣ್ಣದದ, ಇಬ್ಬರಿಗಿ ಇಕ್ಕಟ್ಟಾಗ್ತದ. ಅದಕಿಂತ ಬೀದರಕ್ಕ ಹೋಗಿ ಬರೋದು ಚಲೋ."

ರುಕ್ಮಿಣಿಬಾಯಿ ಬಿಲ್ಲೆಯನ್ನು ಕಿವಿಗೊತ್ತಿಕೊಂಡು ಹರವಿಯ ಕಂಠ ಹಿಡಿದು ಗಹಗಹಿಸಿ ನಕ್ಕಳು. ಯಾರೋ ಬೆನ್ನು ಮುಟ್ಟಿದರು.

"ಅಗಬಾಯಿ! ಅತ್ತೀರಿ, ನಿಮಗೂ ಗಾಳಿ ಬಡೀತೇನ್ರಿ?"

ಒದ್ದೆ ಕೈಯ ವಿಮಲಾ ನಿಂತಿದ್ದಳು. ರುಕ್ಮಿಣಿಬಾಯಿ ತಲೆ ಹೊರಗೆ ತೆಗೆದಳು. ಮೂಗಿಗೆ ಮಣ್ಣು, ಕೆನ್ನೆಗೆ ಜೋಳದ ಹೊಟ್ಟು, ಕಣ್ಣಲ್ಲಿ ನೀರು. ಹರವಿಯೊಳಗಿನ ಬಿಲ್ಲೆಯನ್ನು ತೋರಿಸಿದಳು. ಸಿಕ್ಕಿಬಿದ್ದೆವೆಂದು ವಿಮಲಾ ಹೆದರಿ ಎಲ್ಲ ಒಪ್ಪಿಕೊಂಡುಬಿಟ್ಟಳು. ಫೌಜಿನವರು ಹರಾಜು ಹಾಕಿದ ಹಳೆ ಸಾಮಾನಿನಲ್ಲಿ ಉಸ್ತಾದರಿಗೆ ಕಿವಿಗೆ ಹಾಕುವ ಯಂತ್ರ ಸಿಕ್ಕಿತ್ತಂತೆ, ಅದರ ಎರಡು ಬಿಲ್ಲೆ ಶಿವರಾಜ ಬೇಡಿ ತಂದಿದ್ದನಂತೆ. ಒಂದು ಅವನ ಕೋಣೆಯಲ್ಲಿ, ಒಂದು ಇಲ್ಲಿ ಹರವಿಯಲ್ಲಿ. ಡಬ್ಬಿ ಬಡಿದರೆ ಮಾತಾಡಬೇಕೆಂದು ಅರ್ಥ.

"ಬ್ಯಾಟರಿ ಬೇಕಲ್ಲ ಇದಕ್ಕ?" ರುಕ್ಮಿಣಿಬಾಯಿ ಕೇಳಿದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದ ಸೊಸೆ ಕಣ್ಣರಳಿಸಿದಳು.

"ಬ್ಯಾಡಂತ್ರಿ. ಒಳಗ ಒಂದ್ ತೆಳ್ಳನ ತಗಡು, ಹಿಂದ ಲೋಹಚುಂಬಕ. ನಾವು ಮಾತಾಡಿದ್ರ ತಗಡು ನಡುಗತದ. ಆ ನಡುಕ ತಂತ್ಯಾಗ ಹೋಗಿ ಆ ಕಡಿ ತಗಡೂ ಹಂಗೇ ನಡುಗತದಂತ. ನಾವು ಮಾತಾಡೋ ಜೋರಿನ ಮ್ಯಾಲೇ ನಡೀತದಂತ್ರಿ, ಬ್ಯಾರೆ ಏನೂ ಬ್ಯಾಡ."

ನಡುಕದ ವಿಷಯ ರುಕ್ಮಿಣಿಬಾಯಿ ತಕ್ಷಣ ನಂಬಿದಳು. ಆಕೆಯ ಕೈ ಇನ್ನೂ ನಡುಗುತ್ತಿತ್ತು.

ಸಂಜೆ ಹಾಲು ಹಿಂಡುವ ಹೊತ್ತಿಗೆ ಹಾವಗೆಪ್ಪ ಕೊಟ್ಟಿಗೆಗೆ ಬಂದು ಗಂಟಲು ಕೆರೆದ. "ಗಂಗೀ, ರೇಡಿಯೋದಾಗ ಹೇಳ್ಯಾರ, ನಾಳಿ ಮುಂಜಾನಿ ಗಾಡಿಗಿ ನಿಮ್ಮವ್ವ ಬೀದರಕ್ಕ ಹೋಗ್ಬೇಕಂತ."

"ಗಂಗೀ, ರೇಡಿಯೋದವರು ಸುಳ್ಳು ಹೇಳಾಂಗಿಲ್ಲ ಅಂತ ಹೇಳು," ಅಂದಳು ರುಕ್ಮಿಣಿಬಾಯಿ.

ಆಗಷ್ಟೇ ಬೀದರಿನಿಂದ ಬಂದು ಚೀಲ ಇಳಿಸುತ್ತಿದ್ದ ಶಿವರಾಜ ಹುಬ್ಬು ಗಂಟಿಕ್ಕಿದ. "ಯಾವ ರೇಡಿಯೋ ಅಪ್ಪಾ? ಅಂಗಡ್ಯಾಗ ಒಂದೂ ರಿಪೇರಿ ಆಗಿಲ್ಲಲ್ಲ!" ವಿಮಲಾ ಸೆರಗು ಕಚ್ಚಿಕೊಂಡು ಒಳಗೆ ಓಡಿದಳು.

ಹೊರಡುವ ಮುಂಜಾನೆ ರುಕ್ಮಿಣಿಬಾಯಿ ಸೆರಗಿನ ಕೀಲಿಕೈ ಬಿಚ್ಚಿ ಸೊಸೆಯ ಕೈಯಲ್ಲಿಟ್ಟಳು. ಬೆರಳು ತುಸು ತಡವರಿಸಿದವು. "ಅತ್ತೀರಿ, ನೀವು ಬರೂತನ ಇಟ್ಕೊಳ್ತೇನಿ, ಬಂದ ಕೂಡ್ಲೇ ಇಸಗೋರಿ," ಎಂದಳು ವಿಮಲಾ.

ರೈಲಿನಲ್ಲಿ ಎಮ್ಮೆ ಇರಲಿಲ್ಲ. ಇದನ್ನು ಇಬ್ಬರೂ ಮೊದಲೇ ಯೋಚಿಸಿರಲಿಲ್ಲ. ಹಾವಗೆಪ್ಪ ಸ್ವಲ್ಪ ದೂರ ಟ್ರಂಕಿಗೆ ಹೇಳಿ ನೋಡಿದ: "ಟ್ರಂಕೇ, ಕಿಡಕ್ಯಾಗಿಂದ ಕಿಡಿ ಬರ್ತಾವ, ಜರಾ ಒಳಗ ಸರೀಲಿ." ಎದುರಿಗೆ ಕೂತವರು ಟ್ರಂಕನ್ನೂ ಅವನನ್ನೂ ನೋಡಿದ್ದರಿಂದ ಬೀದರ ಬರುವ ತನಕ ಸುಮ್ಮನಾದ.

ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿದರು, ಪೊರೆ ಹಣ್ಣಾಗಿದೆ ಅಂದರು, ತೆಗೆದರು. ಕಣ್ಣುಗುಡ್ಡೆಯನ್ನೇ ಕಿತ್ತು ತೊಳೆದು ಇಡುತ್ತಾರೆಂದು ಭಾಲ್ಕಿಯಲ್ಲಿ ಹೇಳುತ್ತಿದ್ದರಲ್ಲ, ಹಾಗೇನೂ ಆಗಲಿಲ್ಲ. ಆದರೆ ಆಮೇಲಿನದೇ ಕಠಿಣ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಬದಿಗೆ ಉಸುಕಿನ ಚೀಲ ಇಟ್ಟು, ಅಂಗಾತ ಮಲಗಿಸಿದರು. ಹೊರಳಬಾರದು, ಕೆಮ್ಮಬಾರದು, ಸೀನಬಾರದು. "ನಗೋದಂತೂ ಬಿಲ್ಕುಲ್ ಇಲ್ಲ," ಅಂದಳು ನರ್ಸು. "ಹೊಲಿಗಿ ಬಿಚ್ತದ."

ಪಕ್ಕದ ಮೈಲೂರಿನ ನೆಂಟರ ಮನೆಯಿಂದ ಬುತ್ತಿ ಬರುತ್ತಿತ್ತು. ಹಾವಗೆಪ್ಪ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಕೂತಿದ್ದಾನೆಂದು ಆಕೆಗೆ ಗಂಟಲಿನಿಂದ ಗೊತ್ತಾಗುತ್ತಿತ್ತು. ಕೆರೆಯುತ್ತಿದ್ದ, ಸುಮ್ಮನಾಗುತ್ತಿದ್ದ. ಮತ್ತೆ ಕೆರೆಯುತ್ತಿದ್ದ. ಸುತ್ತ ಬೇರೆ ಮಂಚಗಳ ಹೆಂಗಸರು, ಅವರ ಮಂದಿ. ಹರವಿ ಇಲ್ಲ, ತಂತಿ ಇಲ್ಲ, ಗಂಗಿ ಇಲ್ಲ. ಪಟ್ಟಿಯೊಳಗಿನ ಕತ್ತಲಲ್ಲಿ ರುಕ್ಮಿಣಿಬಾಯಿಗೆ ಸೋದರತ್ತೆಯ ನೆನಪು ಬಂತು. ಸಪ್ಪಳವಾದ ಕಡೆ ಮುಖ ತಿರುಗಿಸಿ "ಯಾರದು?" ಅನ್ನಬೇಕೆನಿಸಿತು. ಮುಖ ತಿರುಗಿಸುವಂತೆಯೂ ಇರಲಿಲ್ಲ. ಭಯವಾಯಿತು, ತುಂಬ ಭಯವಾಯಿತು.

ಆಗ ತುಟಿಗೆ ಬೆಚ್ಚಗಿನ ಚಮಚೆ ತಾಗಿತು.

"ರುಕ್ಮಿಣೀ," ಅಂದ ಹಾವಗೆಪ್ಪ. ಹಾಡುಹಗಲು, ಹತ್ತು ಮಂದಿಯ ನಡುವೆ, ಹೆಸರು ಹಿಡಿದು. "ನಾ ಇಲ್ಲೇ ಇದ್ದೀನಿ. ಚಹಾ ಕುಡಿ."

 ಅಳುವುದಕ್ಕೂ ಮನಾಯಿ ಇತ್ತು. ಹಾಗಾಗಿ ಬಾಯಿಗೆ ಬಂದದ್ದನ್ನು ಅಂದಳು:

"ಉಪ್ಪು ಹಾಕೀರೇನ್ರಿ?"

ಹಾವಗೆಪ್ಪ ಮೊದಲು ಫುಸ್ ಅಂದ. ಆಮೇಲೆ ಸ್ಟೂಲು ಅಲುಗಾಡುವಷ್ಟು ನಕ್ಕ. ಚಹಾ ಆಕೆಯ ಗದ್ದದ ಮೇಲೆ, ಅವನ ಧೋತರದ ಮೇಲೆ, ನೆಲದ ಮೇಲೆ ಚೆಲ್ಲಿತು. ನಗಬಾರದ ರುಕ್ಮಿಣಿಬಾಯಿ ಹೊಟ್ಟೆ ಗಟ್ಟಿ ಹಿಡಿದುಕೊಂಡು ತುಟಿ ಕಚ್ಚಿ ಮಲಗಿದಳು. ನರ್ಸು ಓಡಿ ಬಂದು, "ಏ ಅಜ್ಜಾ, ಎದ್ದೇಳು! ಹೊರಗ ನಡಿ!" ಎಂದು ಅವನನ್ನು ರಟ್ಟೆ ಹಿಡಿದು ಆಚೆ ಹಾಕಿದಳು. ಅವನು ಸುತ್ತು ಹಾಕಿ ಬಂದು ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತ.

"ರುಕ್ಮಿಣೀ."

"ಏನ್ರಿ?"

"ಏನಿಲ್ಲ. ಸುಮ್ನ ಕರದೆ."

ಸ್ವಲ್ಪ ಹೊತ್ತಿನ ಮೇಲೆ ಆಕೆ ಕೇಳಿದಳು, "ರೇಡಿಯೋಬಾಯಿ ನಾನೇ ಅಂತ ನಿಮಗ ಯಾವಾಗ ತಿಳೀತ್ರಿ?"

"ಡಬ್ಬಿ ಬಡಿಯೂಕಿಂತ ಮೊದ್ಲೇ," ಅಂದ ಕಿಟಕಿಯಿಂದ. "ತಂತಿ ನಮ್ಮ ಗಂಗಿ ಕೊಂಬಿನ ಮ್ಯಾಲ ಹಾದು ಅಡಗಿಮನಿಗಿ ಹೋಗ್ಯದ. ಅದೇನ ಹೈದರಾಬಾದಿಗಿ ಹೋಗ್ತದೇನು?"

ಉಸುಕಿನ ಚೀಲಗಳು ಅಲುಗಾಡಿದವು. ನರ್ಸು ಕಿಟಕಿಯನ್ನೂ ಮುಚ್ಚಿದಳು.

ಪಟ್ಟಿ ಬಿಚ್ಚಿ, ಗಾಯ ಮಾಗಿ, ಕೊನೆಗೆ ದಪ್ಪ ಗಾಜಿನ ಕನ್ನಡಕ ಬಂದ ದಿನ ರುಕ್ಮಿಣಿಬಾಯಿ ಮೊದಲು ನೋಡಿದ್ದು ಗಂಡನ ಮುಖವನ್ನು. ಭಾಲ್ಕಿಯ ಮನೆಯ ಹೊಸ್ತಿಲಲ್ಲಿ ಬಿಸಿಲಿತ್ತು, ಕದ್ದು ನೋಡದೆ ನೇರವಾಗಿ ನೋಡಿದಳು. ಹುಬ್ಬು ಕೂಡ ಬೆಳ್ಳಗಾಗಿತ್ತು, ಕಿವಿಯ ಮೇಲೆ ಕೂದಲು ಬೆಳೆದಿತ್ತು, ಬಲಗೆನ್ನೆಯ ಮೇಲೆ ಆಕೆ ಎಂದೂ ಕಾಣದ ಒಂದು ಮಚ್ಚೆಯಿತ್ತು.

"ಅಯ್ಯ, ಎಷ್ಟ ಮುದುಕರಾಗೀರಿ!" ಅಂದಳು.

"ನೀ ಏನ ನಿನ್ನೆ ಬಂದ ಮದಲಗಿತ್ತಿ ಹಂಗ ಇದ್ದೀಯೇನು," ಅಂದ ಹಾವಗೆಪ್ಪ. ಇಬ್ಬರೂ ಹುಡುಗರಂತೆ ನಕ್ಕರು. ಪಕ್ಕದ ಮನೆಯ ಗೋಡೆಯ ಮೇಲಿಂದ ಕುಲಸುಮಬೀಯ ಕನ್ನಡಕ ಹೊಳೆಯಿತು, "ಮಾಶಾ ಅಲ್ಲಾ" ಎಂಬ ಮಾತೂ ಕೇಳಿಸಿತು.

ಆಮೇಲೆ ರುಕ್ಮಿಣಿಬಾಯಿ ಮಗನನ್ನೂ ಸೊಸೆಯನ್ನೂ ಅಂಗಳಕ್ಕೆ ಕರೆದಳು. ವಿಮಲಾ ಮೊದಲು ಕೀಲಿಕೈ ಬಿಚ್ಚಿ ಕೊಡಲು ಬಂದಳು. ಅತ್ತೆ ಗೊಂಚಲಿನಿಂದ ಒಂದನ್ನು ತೆಗೆದುಕೊಂಡು, "ಇದು ನನಗ, ಉಳದದ್ದು ನಿನಗ" ಅಂದಳು. ನೇರ ಅಡುಗೆಮನೆಗೆ ಹೋಗಿ ಹರವಿಯಿಂದ ಬಿಲ್ಲೆ ಎಳೆದು ತಂದು ಶಿವರಾಜನ ಕೈಗಿಟ್ಟಳು.

"ಇದನ್ನ ಬೇಕಾದ್ರ ಗ್ವಾಡಿಗಿ ಹಚ್ಚು, ದೂರ ಇದ್ದಾಗ ಮಾತಾಡ್ಲಾಕ. ಹತ್ರ ಇದ್ದಾಗ ಹರವ್ಯಾಗ ತಲಿ ಹಾಕೋದು ಇವತ್ತಿಗಿ ಮುಗೀತು. ನಮ್ಮ ಹಿರೇರು ಹೋದ್ರು, ನಿಮ್ಮ ಹಿರೇರು ನಾವು ಇದ್ದೀವಿ, ನಾವು ಹೇಳ್ತೀವಿ. ಎದುರಿಗಿ ನಿಂತು ಮಾತಾಡ್ರಿ. ಹೂಂ, ಈಗೇ. ನಾ ನೋಡ್ಬೇಕು."

ಶಿವರಾಜ ವಿಮಲಾಳ ಕಡೆ ನೋಡಿದ. ವಿಮಲಾ ಶಿವರಾಜನ ಕಡೆ ನೋಡಿದಳು. ತಂತಿಯೊಳಗೆ ದಿನಗಟ್ಟಲೆ ಪಟಪಟ ಹರಟಿದ ಜೋಡಿಗೆ ಬಾಯಿಗೆ ಬೀಗ ಬಿದ್ದಿತ್ತು. ಅವನು ತಲೆ ಕೆರೆದುಕೊಂಡ. ಇವಳು ಸೆರಗಿನ ತುದಿ ಸುತ್ತಿದಳು. ಹಾವಗೆಪ್ಪ ದಾರಿ ತೋರಿಸುವವನಂತೆ ಗಂಟಲು ಕೆರೆದ. ಕೊನೆಗೆ ವಿಮಲಾ ಮೆಲ್ಲಗೆ ಕೊಟ್ಟಿಗೆಯ ಕಡೆ ತಿರುಗಿದಳು.

"ಗಂಗೀ..." ಎಂದು ಶುರು ಮಾಡಿದಳು.

ರುಕ್ಮಿಣಿಬಾಯಿ ಸೊಸೆಯ ಗದ್ದ ಹಿಡಿದು ಆ ಮುಖವನ್ನು ಈ ಕಡೆಗೆ ತಿರುಗಿಸಿದಳು.

"ಗಂಗಿ ಅಲ್ಲವಾ. ಅಗೋ ಅಲ್ಲಿ ನಿಂತಾನ ನೋಡು. ನನಗೇ ಕಾಣ್ಲಾಕತ್ತಾನ."